ಲ್ಯಾಬ್ ಮೇಡಂ ಕೇಳಿಸಿದ ಡೂಮ್

ಲ್ಯಾಬ್ ಮೇಡಂ ತೀರಿಕೊಂಡ ಸುದ್ದಿ ನಮ್ಮ ಹಳೆಯ ಕಾಲೇಜಿನ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಗುಂಡ್ಲುಪೇಟೆಯಲ್ಲಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದೆ. ಡೆಂಗಿಯಂತೆ, ನಾಲ್ಕೇ ದಿನವಂತೆ. ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬೀಳತೊಡಗಿದವು. ನಡುವೆ ಒಬ್ಬ ಹಳೆಯ ವಿದ್ಯಾರ್ಥಿ, ‘ನನಗೆ ಡೂಮ್ ಕೇಳಿಸಿದ್ದು ಅವರೇ’ ಎಂದು ಬರೆದ. ನಿವೃತ್ತರಾದ ಸಹೋದ್ಯೋಗಿಯೊಬ್ಬರು, ‘ಡೂಮ್ ಅಂದರೆ ಏನಪ್ಪ? ಯಾವುದಾದರೂ ಸ್ತೋತ್ರವೇ?’ ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ಗೊತ್ತಿದ್ದ ನಾನೂ ಉತ್ತರಿಸಲಿಲ್ಲ. ಅದನ್ನು ಹೇಳಬೇಕಾದರೆ ಅವರನ್ನೇ ಹೇಳಬೇಕು, ಫೋನಿನಲ್ಲಿ ಹೆಬ್ಬೆರಳಿನಿಂದ ಒತ್ತಿ ಮುಗಿಸುವ ಮಾತಲ್ಲ ಅದು.

ಕಾಲೇಜು ಇದ್ದದ್ದು ಮಾಕಳಿಯ ಆಚೆ. ಖಾಸಗಿ ಡಿಪ್ಲೊಮಾ ಕಾಲೇಜು. ನಾನು ಗಣಿತದ ಉಪನ್ಯಾಸಕಿ, ಇಪ್ಪತ್ತಾರು ವರ್ಷ, ಮೊದಲ ಕೆಲಸ. ಆರ್.ಟಿ. ನಗರದ ಪೀಜಿಯಲ್ಲಿದ್ದೆ. ಬೆಳಿಗ್ಗೆ ಹೆಬ್ಬಾಳದ ಫ್ಲೈಓವರಿನ ಕೆಳಗೆ ನಿಂತರೆ ಸಿಬ್ಬಂದಿಯ ಬಸ್ಸು ಬರುತ್ತಿತ್ತು. ಲ್ಯಾಬ್ ಮೇಡಂ ಅಷ್ಟರಲ್ಲಿ ಜಕ್ಕೂರಿನಲ್ಲಿ ಹತ್ತಿ ಎಡಗಡೆಯ ಮೂರನೆಯ ಸೀಟಿನ ಕಿಟಕಿ ಹಿಡಿದಿರುತ್ತಿದ್ದರು. ಎಲೆಕ್ಟ್ರಾನಿಕ್ಸ್ ಲ್ಯಾಬಿನ ಬೋಧಕಿ. ಬೂದು ಬಣ್ಣದ ಕಾಟನ್ ಸೀರೆ, ಮಡಿಲಲ್ಲಿ ಸ್ಟೀಲಿನ ಟಿಫಿನ್ ಡಬ್ಬಿ, ಕಿವಿಯಲ್ಲಿ ಇಯರ್‌ಫೋನ್. ಬಸ್ಸಿನಲ್ಲಿ ಎಲ್ಲರೂ ಅವರು ಭಕ್ತಿಗೀತೆ ಕೇಳುತ್ತಾರೆಂದೇ ತಿಳಿದಿದ್ದರು. ಕಣ್ಣು ಮುಚ್ಚಿ ಕೂತಿರುತ್ತಿದ್ದ ರೀತಿ ಹಾಗಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಬಸ್ಸು ಗೊರಗುಂಟೆಪಾಳ್ಯದಲ್ಲಿ ನಿಂತೇಬಿಟ್ಟಿತು. ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲಿ ಕೋಳಿ ತುಂಬಿದ ಟೆಂಪೊ. ನಾನು ಹತ್ತನೆಯ ಬಾರಿ ಗಡಿಯಾರ ನೋಡಿದಾಗ ಅವರು ಒಂದು ಇಯರ್‌ಫೋನ್ ತೆಗೆದು ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ಚಾಚಿದರು.

“ಒಂದು ಕಿವಿ ಕೊಡಿ.”

ಕಿವಿಗಿಟ್ಟುಕೊಂಡೆ. ಭಾರವಾದ ಏನನ್ನೋ ನೆಲದ ಮೇಲೆ ಎಳೆದಂತೆ ಒಂದು ಗಿಟಾರಿನ ಸ್ವರ ಬಂತು. ಬಂದು ನಿಂತಿತು. ಅದು ಪೂರ್ತಿ ಆರುವವರೆಗೂ ಇನ್ನೊಂದು ಬರಲೇ ಇಲ್ಲ.

“ಫೋನ್ ಸಿಕ್ಕಿಹಾಕ್ಕೊಂಡಿದೆ ಅನ್ಸುತ್ತೆ ಮೇಡಂ.”

“ಇಲ್ಲ. ಅದಿರೋದೇ ಹಂಗೆ. ಮೊದಲ ನಾಲ್ಕು ನಿಮಿಷ ಏನೂ ಆಗಲ್ಲ. ಏನಾದ್ರೂ ಆಗ್ಬೇಕು ಅಂತ ಕಾಯ್ಬೇಡಿ, ಅಷ್ಟೇ.”

ಆಮೇಲೆ ಒಬ್ಬ ಗಂಡಸು ಬಾವಿಯ ತಳದಿಂದ ಎನ್ನುವಂತೆ ಗೊಗ್ಗರು ದನಿಯಲ್ಲಿ ಹಾಡತೊಡಗಿದ. ಹಾಡತೊಡಗಿದ ಎನ್ನುವುದು ಸರಿಯಲ್ಲ, ನರಳಿದ. ನಾನು ಹೆದರಿ ತೆಗೆದುಕೊಟ್ಟೆ. ಅವರಿಗೆ ಬೇಸರವಾಗಲಿಲ್ಲ. “ಇವತ್ತಿಗೆ ಅಷ್ಟು ಸಾಕು” ಎಂದು ಅದನ್ನು ಮತ್ತೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರು. ಹೆವಿ ಮೆಟಲ್ ಸಂಗೀತದಲ್ಲೇ ಎಲ್ಲಕ್ಕಿಂತ ನಿಧಾನದ್ದು, ಎಲ್ಲಕ್ಕಿಂತ ಭಾರದ್ದು ಡೂಮ್ ಮೆಟಲ್ ಎಂದು ಮರುದಿನ ವಿವರಿಸಿದರು. “ಜಾಮ್‌ನಲ್ಲಿ ಕೂತ್ಕೊಂಡು ಜನ ಫಾಸ್ಟ್ ಹಾಡು ಕೇಳ್ತಾರಲ್ಲ, ಅವ್ರಿಗೆ ತಲೆ ಕೆಡುತ್ತೆ. ಹಾಡು ಓಡುತ್ತೆ, ಬಸ್ ನಿಂತಿರುತ್ತೆ. ಇದು ಹಂಗಲ್ಲ. ಇದೂ ನಮ್ಮ ಜೊತೆ ಇಲ್ಲೇ ನಿಂತಿರುತ್ತೆ.”

ತಂಡಗಳ ಹೆಸರನ್ನು ಮಾತ್ರ ಹೇಳುತ್ತಿರಲಿಲ್ಲ. “ಹೆಸರು ಹೇಳಿದ್ರೆ ನೀವು ಹುಡುಕ್ತೀರಿ, ಉದ್ದ ಕೂದ್ಲು, ತಲೆಬುರುಡೆ ಎಲ್ಲ ನೋಡಿ ಹೆದರ್ಕೋತೀರಿ. ಮೊದ್ಲು ಕೇಳಿ. ಆಮೇಲೆ ಹೆಸರು.” ಹಾಗಾಗಿ ನಮ್ಮಿಬ್ಬರ ನಡುವೆ ತಂಡಗಳಿಗೆಲ್ಲ ಊರಿನ ಹೆಸರೇ. ಫಿನ್‌ಲ್ಯಾಂಡಿನವರು, ಹಡಗು ಕಟ್ಟುವ ಊರಿನವರು, ಶಿಲ್ಲಾಂಗಿನವರು. ಕಮ್ಮನಹಳ್ಳಿಯ ಶೆಡ್ಡೊಂದರಲ್ಲಿ ರೆಕಾರ್ಡ್ ಮಾಡಿದ್ದ ಮೂವರಿಗೆ ‘ನಮ್ಮವರು’ ಎನ್ನುತ್ತಿದ್ದರು. ನನಗೆ ಯಾವಾಗಲೂ ಎಡಗಿವಿಯದ್ದೇ ಸಿಗುತ್ತಿದ್ದುದರಿಂದ ಹಾಡಿನ ಅರ್ಧ ಮಾತ್ರ ಕೇಳುತ್ತಿತ್ತು. ಎರಡನೆಯ ಗಿಟಾರ್ ಪೂರ್ತಿ ಬಲಗಡೆಗಿರುತ್ತದೆಂದು ತಿಳಿದದ್ದು ಮೂರು ತಿಂಗಳಾದ ಮೇಲೆ, ಪೀಜಿಯ ಮಂಚದ ಮೇಲೆ ಒಬ್ಬಳೇ ಎರಡೂ ಕಿವಿಗಿಟ್ಟುಕೊಂಡಾಗ. ಮನೆಯಲ್ಲಿ ಇನ್ನೊಂದು ಕೋಣೆಯಿದೆಯೆಂದು ತಡವಾಗಿ ಗೊತ್ತಾದಂತಾಯಿತು. ಮರುದಿನ ಹೇಳಿದೆ. ಅವರು ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಅಂದು. ಮೇಲಿನ ಎರಡು ಹಲ್ಲುಗಳ ನಡುವೆ ಸಂದಿಯಿತ್ತು.

ಹೊಸಬರಿಗೆ ಕೇಳಿಸುವುದರಲ್ಲಿ ಅವರಿಗೆ ವೈದ್ಯರ ಎಚ್ಚರಿಕೆ. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ನಮ್ಮ ಬಸ್ಸಿನ ಡ್ರೈವರಿಗೆ ನಾದಸ್ವರವೆಂದರೆ ಪ್ರಾಣ. “ಅದ್ರಲ್ಲಿ ನಿಮ್ಗೆ ಏನಿಷ್ಟ?” ಎಂದು ಕೇಳಿದರು. “ಒತ್ತು ಮೇಡಂ. ಪಕ್ಕದಲ್ಲೊಬ್ಬ ಒಂದೇ ಸ್ವರ ಊದ್ತಾ ಕೂತಿರ್ತಾನಲ್ಲ, ಅದು” ಎಂದ ಆತ. ಲ್ಯಾಬ್ ಮೇಡಂ ಮೂರು ದಿನ ಯೋಚಿಸಿ, ಇಪ್ಪತ್ತು ನಿಮಿಷ ಒಂದೇ ಸ್ವರದ ಮೇಲೆ ಗುಂಯ್‌ಗುಡುವ ಒಂದು ಹಾಡನ್ನು ಆತನ ಫೋನಿಗೆ ಕಳಿಸಿದರು. ಸೋಮವಾರ ಆತ ಬಂದು ಹೇಳಿದ: “ಒತ್ತು ಭಾಳ ಚೆನ್ನಾಗೈತೆ ಮೇಡಂ. ಆದ್ರೆ ನಾದಸ್ವರ ಊದೋನು ಕೊನೇವರ್ಗೂ ಬರ್ಲೇ ಇಲ್ಲ.” ಈ ಮಾತನ್ನು ಅವರು ಒಂದು ವಾರ ಎಲ್ಲರಿಗೂ ಹೇಳಿಕೊಂಡು ಓಡಾಡಿದರು. ಡೂಮ್‌ನ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಇಲ್ಲ ಎನ್ನುವುದು ಅವರ ತೀರ್ಮಾನ.

ಲ್ಯಾಬಿನಲ್ಲಿ ಮಕ್ಕಳಿಗೆ ಕ್ಲಿಪ್ಪರ್ ಸರ್ಕ್ಯೂಟ್ ಎಂಬ ಒಂದು ಪ್ರಯೋಗವಿತ್ತು. ಅಲೆಯ ತುದಿಯನ್ನು ಕತ್ತರಿಸುವ ಸರ್ಕ್ಯೂಟ್. ಒಂದು ದಿನ ನಾನು ಅಲ್ಲಿಗೆ ಹೋದಾಗ ಅವರು ಗಿಟಾರಿನ ಸದ್ದನ್ನು ಅದರ ಮೂಲಕ ಹಾಯಿಸಿ ಆಸಿಲೋಸ್ಕೋಪಿನ ಹಸಿರು ಪರದೆಯ ಮೇಲೆ ತೋರಿಸುತ್ತಿದ್ದರು. ದುಂಡಗಿನ ಅಲೆ ಮೇಲೇರುತ್ತ ಹೋಗಿ ಒಂದು ಎತ್ತರದಲ್ಲಿ ಚಪ್ಪಟೆಯಾಗುತ್ತಿತ್ತು.

“ನೋಡಿ, ಇದಕ್ಕೆ ಇನ್ನೂ ಮೇಲೆ ಹೋಗ್ಬೇಕು. ಮೇಲೆ ಜಾಗ ಇಲ್ಲ. ಸೂರಿಗೆ ತಲೆ ಹೊಡ್ಕೊಂಡು ಅಲ್ಲೇ ಮಲಗುತ್ತೆ. ಆ ಹೊಡ್ಕೊಳ್ಳೋ ಸದ್ದನ್ನೇ ನೀವು ಡಿಸ್ಟಾರ್ಷನ್ ಅನ್ನೋದು. ಇದ್ರ ಮೇಲೇ ನಿಂತಿದೆ ಇಡೀ ಹೆವಿ ಮೆಟಲ್ಲು” ಎಂದರು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ತಲೆಯೆತ್ತಿ ನೋಡಿದ. ವಾಟ್ಸಾಪಿನಲ್ಲಿ ಬರೆದವನು ಅವನೇ.

ಅವರ ಮನೆಯ ವಿಷಯ ನನಗೆ ಗೊತ್ತಾದದ್ದು ಚೂರುಚೂರಾಗಿ. ಜಕ್ಕೂರಿನ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು. ಕಟ್ಟಿಸಿದವನು ಅಣ್ಣನೇ. ಅವನು ಹೆಂಡತಿ ಮಕ್ಕಳೊಂದಿಗೆ ಮೇಲಿನ ಮಹಡಿಯಲ್ಲಿದ್ದ. ಮದುವೆಯಾಗದ ತಂಗಿಗೆ ಎರಡನೆಯ ಮಹಡಿಯಲ್ಲಿ ಒಂದು ಫ್ಲ್ಯಾಟು. ಅಡುಗೆ ಊಟ ಮಾತ್ರ ಮೇಲೆಯೇ. ಅವರ ಕಿಟಕಿಯಿಂದ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನಗಳು ಏರುವುದು ಇಳಿಯುವುದು ಕಾಣುತ್ತಿತ್ತು. ಡಿಪ್ಲೊಮಾ ಓದುವಾಗ ಗೆಳತಿಯ ಅಣ್ಣನಿಂದ ನಕಲು ಮಾಡಿಸಿಕೊಂಡ ಒಂದು ಕ್ಯಾಸೆಟ್ಟಿನಿಂದ ಶುರುವಾದದ್ದು ಇದೆಲ್ಲ. ಕ್ಯಾಸೆಟ್ಟಿನ ಹಿಂದಿದ್ದ ವಿಳಾಸಕ್ಕೆ ಕಾಗದ ಬರೆದರಂತೆ. ಫಿನ್‌ಲ್ಯಾಂಡಿನ ಯಾವುದೋ ಹಳ್ಳಿಯಿಂದ ಇವರಿಗಿಂತ ಕೆಟ್ಟ ಇಂಗ್ಲಿಷಿನಲ್ಲಿ ಉತ್ತರವೂ, ಜೊತೆಗೊಂದು ಕ್ಯಾಸೆಟ್ಟೂ ಬಂತಂತೆ. ಹಾಗೆ ಜಗತ್ತಿನ ಎಲ್ಲೆಲ್ಲಿಂದಲೋ ಬಂದ ಕ್ಯಾಸೆಟ್ಟುಗಳನ್ನು ಸೀರೆಯ ಡಬ್ಬಗಳಲ್ಲಿ ತುಂಬಿಟ್ಟಿದ್ದರು. ಮನೆಯಲ್ಲಿ ಹಾಕುವ ಹಾಗಿರಲಿಲ್ಲ. ಒಮ್ಮೆ ಹಾಕಿದಾಗ ಅಣ್ಣ ಬಾಗಿಲಿಗೆ ಬಂದು ನಿಂತು ಹೇಳಿದ್ದನ್ನು ಅವರೇ ಅವನ ದನಿಯಲ್ಲಿ ಅನುಕರಿಸಿ ತೋರಿಸಿದ್ದರು: “ಇಂಗೆ ಸಾವಿನ ಮನೆ ಸದ್ದು ಆಕ್ಕೊಂಡು ಕೂತ್ರೆ ಮನೆ ಏಳ್ಗೆ ಆಯ್ತದಾ? ಎಮ್ಮೆ ಈಯೋ ಅಂಗೈತೆ!”

“ಎಮ್ಮೆ ಈಯೋ ಹಂಗೆ ಅಂದ್ರೆ ಅದು ಹೊಗಳಿಕೆನೇ ಅಲ್ವಾ?” ಎಂದು ನನ್ನನ್ನು ಕೇಳಿದರು.

ಇಷ್ಟೆಲ್ಲ ಕೇಳಿದವರು ಒಂದು ತಂಡವನ್ನೂ ಎದುರಿಗೆ ನೋಡಿರಲಿಲ್ಲ. ಕತ್ತಲಾಗುವ ಮೊದಲು ಮನೆ ಸೇರಬೇಕಿತ್ತು, ಕಾರ್ಯಕ್ರಮಗಳೆಲ್ಲ ಕತ್ತಲಾದ ಮೇಲೆ. ಒಮ್ಮೆ ಯಶವಂತಪುರದ ಹಳೆಯ ಗೋದಾಮೊಂದರಲ್ಲಿ ಭಾನುವಾರ ಮಧ್ಯಾಹ್ನ ‘ನಮ್ಮವರು’ ನುಡಿಸುತ್ತಾರೆಂದು ಗೊತ್ತಾಗಿ, ಲ್ಯಾಬಿನ ತಪಾಸಣೆಯಿದೆ ಎಂದು ಮನೆಯಲ್ಲಿ ಹೇಳಿ ನನ್ನ ಜೊತೆ ಬಂದರು. ಅದೇ ಬೂದು ಸೀರೆ. ಕರಿ ಟೀಶರ್ಟಿನ ಇನ್ನೂರು ಹುಡುಗರ ನಡುವೆ ವ್ಯಾನಿಟಿ ಬ್ಯಾಗನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತರು. ಒಬ್ಬ ಹುಡುಗ ಹತ್ತಿರ ಬಂದು ಮರ್ಯಾದೆಯಿಂದ, “ಯಾರನ್ನ ಹುಡುಕ್ತಿದ್ದೀರಾ ಆಂಟಿ?” ಎಂದ.

“ಯಾರನ್ನೂ ಇಲ್ಲಪ್ಪ. ಬೇಸ್ ಗಿಟಾರ್ ಮುಳುಗ್ತಾ ಇದೆ. ಸ್ವಲ್ಪ ಏರಿಸಕ್ಕೆ ಹೇಳು ಅವ್ರಿಗೆ.”

ಆತ ಕಣ್ಣರಳಿಸಿ ಸೌಂಡ್ ಮಿಕ್ಸರಿನವನ ಬಳಿ ಓಡಿದ. ಬೇಸ್ ಏರಿತು. ನೆಲ ನಡುಗಿ ಅದು ನನ್ನ ಹಿಮ್ಮಡಿಯಿಂದ ಮೊಣಕಾಲಿಗೆ ಬಂತು. ಲ್ಯಾಬ್ ಮೇಡಂ ಚಪ್ಪಲಿ ಕಳಚಿ ಬರಿಗಾಲಿನಲ್ಲಿ ನಿಂತಿದ್ದರು. ಕೊನೆಯ ಹಾಡಿಗೆ ಮುಂಚೆ ಗಡಿಯಾರ ನೋಡಿ ಚಪ್ಪಲಿ ಮೆಟ್ಟಿಕೊಂಡರು. “ಇನ್ನೊಂದೇ ಹಾಡು ಮೇಡಂ” ಎಂದೆ. “ಗೊತ್ತು, ಹದಿನೇಳು ನಿಮಿಷದ್ದು” ಎಂದರು. ಹೊರಗೆ ಬಂದು ಆಟೊ ಸಿಗುವವರೆಗೂ ಗೋದಾಮಿನ ತಗಡಿನ ಬಾಗಿಲು ಅದುರುತ್ತಲೇ ಇತ್ತು. ಅವರು ಅದರ ಕಡೆ ತಿರುಗಲಿಲ್ಲ.

ನನ್ನ ಎರಡನೆಯ ವರ್ಷ ಮುಗಿಯುವಾಗ ಸರ್ಕಾರಿ ಪದವಿಪೂರ್ವ ಕಾಲೇಜಿಗೆ ನನ್ನ ಆಯ್ಕೆಯಾಯಿತು. ಹತ್ತು ದಿನದೊಳಗೆ ಮೂಲ ಅಂಕಪಟ್ಟಿಗಳನ್ನು ತೋರಿಸಬೇಕಿತ್ತು. ಅವು ನನ್ನ ಬಳಿ ಇರಲಿಲ್ಲ. ಕೆಲಸಕ್ಕೆ ಸೇರುವಾಗಲೇ ಎಲ್ಲರಿಂದಲೂ ಮೂರು ವರ್ಷ ಬಿಡುವುದಿಲ್ಲವೆಂದು ಬರೆಸಿಕೊಂಡು, ಮೂಲ ಪ್ರತಿಗಳನ್ನು ಕಾರ್ಯದರ್ಶಿಯ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕುವುದು ಅಲ್ಲಿಯ ಪದ್ಧತಿ. ಕೇಳಲು ಹೋದೆ.

“ಸೈನ್ ಮಾಡೋವಾಗ ಓದಿದ್ರಲ್ಲಮ್ಮ? ಮೂರು ವರ್ಷ ಆಗ್ಲಿ, ನಾನೇ ಕರೆದು ಕೊಡ್ತೀನಿ” ಎಂದರು ಕಾರ್ಯದರ್ಶಿ. ಎರಡನೆಯ ದಿನವೂ ಅದೇ. ಐದನೆಯ ದಿನ ಕೋಣೆಯೊಳಗೇ ಬಿಡಲಿಲ್ಲ. ಏಳನೆಯ ದಿನ ಬಸ್ಸಿನಲ್ಲಿ ಅತ್ತುಬಿಟ್ಟೆ. ಲ್ಯಾಬ್ ಮೇಡಂ ಇಯರ್‌ಫೋನ್ ಕೊಡಲಿಲ್ಲ. ಕಿಟಕಿಯ ಆಚೆ ನೋಡುತ್ತ, “ನಾಡಿದ್ದು ಪ್ರಾಕ್ಟಿಕಲ್ ಪರೀಕ್ಷೆ ಇದೆ ಅಲ್ವಾ? ಅವತ್ತು ನನ್ ಜೊತೆ ಬನ್ನಿ” ಎಂದರು.

ಪ್ರಾಕ್ಟಿಕಲ್ ದಿನ ಹೊರಗಿನಿಂದ ಪರೀಕ್ಷಕರು ಬಂದು ಕೂತಿದ್ದರು. ಲ್ಯಾಬಿನ ಮುಂದೆ ಮಕ್ಕಳು ಸಾಲುಗಟ್ಟಿದ್ದರು. ಬಾಗಿಲಿಗೆ ಬೀಗ. ಲ್ಯಾಬ್ ಮೇಡಂ ನನ್ನನ್ನು ಕರೆದುಕೊಂಡು ನೇರವಾಗಿ ಕಾರ್ಯದರ್ಶಿಯ ಕೋಣೆಗೆ ಹೋಗಿ, ಕೇಳದೆಯೇ ಕುರ್ಚಿ ಎಳೆದು ಕೂತರು. ಲ್ಯಾಬಿನ ಬೀಗದ ಕೈಯನ್ನು ಮುಷ್ಟಿಯಲ್ಲಿಟ್ಟು ಮಡಿಲ ಮೇಲಿಟ್ಟುಕೊಂಡರು.

“ಸಾರ್, ಈ ಮೇಡಂ ಅವ್ರ ಅಂಕಪಟ್ಟಿ ಕೊಡಿ. ಲ್ಯಾಬ್ ತೆಗೀತೀನಿ.”

ಕಾರ್ಯದರ್ಶಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದು ನಿಂತರು. “ಏನ್ರೀ ಇದು, ಬ್ಲ್ಯಾಕ್‌ಮೇಲಾ? ಡೂಪ್ಲಿಕೇಟ್ ಕೀ ಎಲ್ಲಿ?”

“ಅದು ಕಳೆದುಹೋಗಿ ನಾಲ್ಕು ವರ್ಷ ಆಯ್ತು. ಹೊಸದು ಮಾಡಿಸಿ ಅಂತ ಮೂರು ಸಲ ಅರ್ಜಿ ಕೊಟ್ಟಿದ್ದೀನಿ. ನಿಮ್ಮ ಫೈಲಲ್ಲೇ ಇದೆ.”

“ನಿಮ್ಮ ಅಣ್ಣನಿಗೆ ಫೋನ್ ಮಾಡ್ತೀನಿ ಈಗ್ಲೇ!”

“ಮಾಡಿ. ಜಕ್ಕೂರಿಂದ ಬರ್ಬೇಕು, ಗೊರಗುಂಟೆಪಾಳ್ಯ ದಾಟ್ಬೇಕು. ಎರಡು ಗಂಟೆ ಆಗುತ್ತೆ. ಪರೀಕ್ಷೆ ಇರೋದು ಹತ್ತಕ್ಕೆ.”

ಕಾರ್ಯದರ್ಶಿ ಬೈದರು, ಬೆದರಿಸಿದರು, ಪ್ರಿನ್ಸಿಪಾಲರನ್ನು ಕರೆಸಿದರು. ಅವರು ಬಂದು ಬೇಡಿಕೊಂಡು ಹೋದರು. ಲ್ಯಾಬ್ ಮೇಡಂ ಗೋಡೆಯನ್ನು ನೋಡುತ್ತ ಕೂತಿದ್ದರು, ಬಸ್ಸಿನಲ್ಲಿ ಕೂರುತ್ತಿದ್ದ ಹಾಗೆಯೇ. ಹೊರಗಿನ ಮಕ್ಕಳ ಗದ್ದಲ ಕೇಳಿ, ಹೋಗಲಿ ಬಿಡಿ ಮೇಡಂ ಎನ್ನಬೇಕೆಂದು ಬಾಯಿಯವರೆಗೂ ಬಂದಿತ್ತು. ಹತ್ತಕ್ಕೆ ಐದು ನಿಮಿಷವಿರುವಾಗ ಕಾರ್ಯದರ್ಶಿ ಬೀರು ತೆರೆದು ನನ್ನ ಲಕೋಟೆಯನ್ನು ಮೇಜಿನ ಮೇಲೆ ಎಸೆದರು. ಎಸೆದು, ಸೋತ ಸಿಟ್ಟಿಗೆ ಇನ್ನೊಂದು ಮಾತು ಸೇರಿಸಿದರು.

“ನಿಮ್ದೂ ಇಲ್ಲೇ ಇದೆ, ನೆನಪಿರ್ಲಿ. ಇಪ್ಪತ್ತು ವರ್ಷ ಆಗ್ತಾ ಬಂತು. ನೀವು ಪುಣೆಗೆ ಹೋಗ್ತೀನಿ ಅಂತ ಕೇಳಕ್ಕೆ ಬಂದಾಗ ನಾವೇನೂ ಹಿಡ್ಕೊಂಡಿದ್ದಲ್ಲ. ಕೊಡಬೇಡಿ ಅಂತ ಬರೆದುಕೊಟ್ಟು ಹೋಗಿದ್ದು ನಿಮ್ಮ ಅಣ್ಣನೇ.”

ನಾನು ಲ್ಯಾಬ್ ಮೇಡಂ ಮುಖ ನೋಡಿದೆ. ಅಲ್ಲಿ ಏನೂ ಬದಲಾಗಲಿಲ್ಲ.

“ಗೊತ್ತು ಸಾರ್. ಅವತ್ತೇ ಗೊತ್ತು. ಕ್ಯಾಂಟೀನ್ ಕಿಟಕಿಯಿಂದ ಅವನ ಜೀಪ್ ನೋಡಿದ್ದೆ” ಎಂದು ಎದ್ದರು. ಹತ್ತು ಗಂಟೆಗೆ ಸರಿಯಾಗಿ ಲ್ಯಾಬಿನ ಬಾಗಿಲು ತೆರೆಯಿತು.

ಸಂಜೆ ಬಸ್ಸಿನಲ್ಲಿ ಕೇಳಿದೆ, ನಿಮ್ಮದನ್ನೂ ಯಾಕೆ ಕೇಳಲಿಲ್ಲ ಎಂದು. ಪುಣೆಯಲ್ಲಿ ರೇಡಿಯೊ ಸಾಮಾನು ಮಾಡುವ ಕಾರ್ಖಾನೆಯೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿತ್ತಂತೆ. ಇಪ್ಪತ್ತೇಳು ವರ್ಷ ಆಗ. ಹದಿನೈದು ದಿನ ‘ನಾಳೆ ಬನ್ನಿ’ ಎನ್ನಿಸಿಕೊಂಡು, ಸೇರಬೇಕಾದ ತಾರೀಖು ದಾಟಿತಂತೆ. ಅಣ್ಣನನ್ನು ಏನೂ ಕೇಳಲಿಲ್ಲವಂತೆ.

“ಈಗ ತಗೊಂಡು ಏನ್ ಮಾಡ್ಲಿ ಹೇಳಿ. ಇಲ್ಲಿಂದ ಬಿಡಿಸ್ಕೊಂಡ್ರೆ ಮನೆ. ಮನೆಯಿಂದ ಬಿಡಿಸ್ಕೊಂಡ್ರೆ ಇಲ್ಲಿ. ಮಧ್ಯದಲ್ಲಿ ಹೋಗ್ತಾ ಒಂದೂವರೆ ಗಂಟೆ, ಬರ್ತಾ ಒಂದೂವರೆ ಗಂಟೆ ಬಸ್ಸಿದೆ. ಅದು ನಂದು. ಅದನ್ನ ಕಳ್ಕೊಳ್ಳಕ್ಕೆ ನಂಗೆ ಧೈರ್ಯ ಇಲ್ಲ.”

ನಾನು ಗುಂಡ್ಲುಪೇಟೆಗೆ ಬಂದೆ. ಅವರನ್ನು ಲ್ಯಾಬಿನಿಂದ ತೆಗೆದು ಜನರೇಟರಿನ ಪಕ್ಕದ ಸ್ಟೋರಿಗೆ ಹಾಕಿದರೆಂದು ಬೇರೆಯವರಿಂದ ತಿಳಿಯಿತು. ಅದಾದ ಮೇಲೆ ಫೋನ್ ಮಾಡಲು ನನಗೆ ಮುಜುಗರ. ನನ್ನ ಲಕೋಟೆಗೆ ಅವರು ತೆತ್ತ ಬೆಲೆ ಅದು ಅನ್ನಿಸುತ್ತಿತ್ತು. ಅವರು ಮಾತ್ರ ಪ್ರತಿ ತಿಂಗಳೂ ಒಂದು ಹಾಡು ಕಳಿಸುತ್ತಿದ್ದರು, ಜೊತೆಗೆ ಒಂದು ಸಾಲು. ‘ಇದನ್ನ ಅಡುಗೆ ಮಾಡ್ತಾ ಕೇಳಬೇಡಿ, ಅನ್ನ ಸೀದುಹೋಗುತ್ತೆ.’ ‘ಇದು ಚಿಲಿ ದೇಶದ ಹುಡುಗಿಯರು. ಕೋಪ ಬಂದಾಗ ಕೇಳಿ, ಕೋಪ ನಿಧಾನ ಆಗುತ್ತೆ, ಹೋಗಲ್ಲ.’ ಹಾಡನ್ನು ಕೇಳುತ್ತಿದ್ದೆ. ಉತ್ತರಕ್ಕೆ ಒಂದು ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾಗುತ್ತಿದ್ದೆ. ಒಮ್ಮೆಯಾದರೂ ಹೋಗಿ ನೋಡಿಕೊಂಡು ಬರಬಹುದಿತ್ತು. ಐದು ವರ್ಷ ಹೋಗಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆ. ಊಟ ಮುಗಿಯುವ ಹೊತ್ತಿಗೆ ಅಣ್ಣ ನನ್ನನ್ನು ಹುಡುಕಿಕೊಂಡು ಬಂದರು. ನಾನು ಕಲ್ಪಿಸಿಕೊಂಡಿದ್ದ ದೈತ್ಯನಲ್ಲ. ಅರವತ್ತು ದಾಟಿದ, ತಲೆ ಬೋಳಿಸಿಕೊಂಡ, ಮೊಣಕಾಲು ನೋವಿನ ಮನುಷ್ಯ. “ನೀವಲ್ವಾ ಬಸ್ನಾಗೆ ಅವಳ ಜೊತೆ ಓಗ್ತಿದ್ದೋರು? ವಸಿ ಬನ್ನಿ” ಎಂದು ಎರಡನೆಯ ಮಹಡಿಗೆ ಕರೆದುಕೊಂಡು ಹೋದರು. ಹೊರಗಿನ ಕೋಣೆಯಲ್ಲಿ ನೆಂಟರು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಸೀರೆಯ ಡಬ್ಬಗಳನ್ನೆಲ್ಲ ತೆರೆದಿಟ್ಟಿದ್ದರು.

“ಏನಿದು ಅಂತ ಒಂದೂ ಗೊತ್ತಾಗಾಕಿಲ್ಲ ನಂಗೆ. ಕ್ಯಾಸೆಟ್ಟು ಆಕೋ ಮಿಷಿನ್ನೂ ಕೆಟ್ಟೋಗೈತೆ. ಅವಳು ಅದೇನ್ ಕೇಳ್ತಿದ್ಲೋ, ನಿಮ್ತಾವ ಇದ್ರೆ ಒಂದ್ ದಪ ಕೇಳಿಸ್ತೀರಾ?”

ಇಲ್ಲ ಎನ್ನಬೇಕೆನ್ನಿಸಿತು. ಇಷ್ಟು ವರ್ಷದಲ್ಲಿ ಒಂದು ದಿನ ಕೇಳಬಹುದಿತ್ತಲ್ಲ ಎಂದು ಬಾಯಿಬಿಟ್ಟು ಹೇಳಿಯೂ ಬಿಡುತ್ತಿದ್ದೆನೇನೋ. ಆದರೆ ಲ್ಯಾಬ್ ಮೇಡಂ ಕೇಳಿದ ಯಾರಿಗೂ ಇಲ್ಲ ಎಂದವರಲ್ಲ. ಫೋನ್ ತೆಗೆದೆ, ಇಯರ್‌ಫೋನುಗಳನ್ನು ಅವರ ಕೈಗೆ ಕೊಟ್ಟೆ. ಸಿಕ್ಕಿಸಿಕೊಳ್ಳಲು ಗೊತ್ತಾಗಲಿಲ್ಲ, ನಾನೇ ಸಿಕ್ಕಿಸಿದೆ. ಫಿನ್‌ಲ್ಯಾಂಡಿನವರದ್ದೊಂದು ಹಾಕಿದೆ. ಅವರು ಡಾಕ್ಟರ ಮುಂದೆ ಕೂತವರಂತೆ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಹೊರಗೆ ಒಂದು ಪುಟ್ಟ ವಿಮಾನ ಎರಡು ಸಲ ಸುತ್ತಿ ಇಳಿಯಿತು. ಹಾಡು ಮುಗಿದ ಮೇಲೂ ಅವರು ಕಿವಿಯಿಂದ ತೆಗೆಯಲಿಲ್ಲ.

“ಕಾಲೇಜ್ನಾಗೆ ನಾನೊಂದು ಕಾಗ್ದ ಬರ್ಕೊಟ್ಟಿದ್ದೆ” ಎಂದರು. ಕಿವಿ ಮುಚ್ಚಿದ್ದರಿಂದ ದನಿ ಜೋರಾಗಿತ್ತು. ಹೊರಗಿನ ಕೋಣೆಯ ಮಾತು ಗಕ್ಕನೆ ನಿಂತಿತು. “ಗೊತ್ತಾ ನಿಮ್ಗೆ?”

ಹೌದೆಂದು ತಲೆಯಾಡಿಸಿದೆ.

“ಅವಳ್ಗೆ?”

ಸುಳ್ಳು ಹೇಳಬಹುದಿತ್ತು. ನಾನೇ ಕೈಚಾಚಿ ಅವರ ಒಂದು ಕಿವಿಯಿಂದ ಇಯರ್‌ಫೋನ್ ತೆಗೆದು ಹೇಳಿದೆ: “ಅವತ್ತೇ ಗೊತ್ತಾಗಿತ್ತು. ನಿಮ್ಮ ಜೀಪ್ ನೋಡಿದ್ರಂತೆ.”

“ಅವತ್ತೇ?”

“ಅವತ್ತೇ.”

ಅವರು ನೆಲ ನೋಡುತ್ತ, “ದಿನಾ ಬೆಳಗೆದ್ದು ನಂಗೆ ಕಾಫಿ ತಂದ್ಕೊಡ್ತಿದ್ದೋಳು ಅವಳೇಯ” ಎಂದರು, ನನಗಲ್ಲ. ಹೊರಗಿನಿಂದ ಹೆಂಡತಿ ಏನೋ ಕೂಗಿ ಕರೆದರು. ಏಳಲಿಲ್ಲ. ನಾನು ಇಯರ್‌ಫೋನಿಗೆ ಕೈ ಚಾಚಿದೆ. ಅವರು ಕೊಡಲಿಲ್ಲ.

“ಇನ್ನೊಂದ್ ಐತಾ?”

“ಇದೆ. ಇದಕ್ಕಿಂತ ಉದ್ದ.”

“ಇರ್ಲಿ” ಎಂದರು. “ಅದ್ನೂ ಆಕಿ.”